ಬಾಕಿದಾರನ ಬ್ಯಾಂಡು, ಪಕ್ಕದ ಮನೆಯ ಮೌನ

ಮುಂಬಯಿಯ ದಹಿಸರಿನ ನಮ್ಮ ಉಪವಿಭಾಗದಲ್ಲಿ ಆಸ್ತಿ ತೆರಿಗೆಯ ಬಾಕಿಯನ್ನು ಬ್ಯಾಂಡ್ ಬಾರಿಸಿ ವಸೂಲು ಮಾಡುವ ಪದ್ಧತಿ ಒಂದು ಮಂಗಳವಾರ ಜಾರಿಗೆ ಬಂತು. ಅಂದು ವಿಶೇಷವೇನೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬಂದಿತ್ತು, ಲೋಕಲ್ ರೈಲು ತಡವಾಗಿತ್ತು. ಕೆಂಪು ಕೋಟಿನ ಬ್ಯಾಂಡಿನವರು ಬಂದು ಬಾಕಿದಾರ ಹಿತೇಶನ ಬಾಗಿಲ ಮುಂದೆ ಡೋಲು, ತುತ್ತೂರಿ ಶುರು ಮಾಡಿದರು. ಬಾಕಿ ತೀರುವವರೆಗೆ ದಿನವೂ ಬಾರಿಸಬೇಕೆಂದು ಆದೇಶ. ಬಾಕಿದಾರನಿಗೆ ನಾಚಿಕೆಯಾಗಬೇಕು, ಆದ ಕೂಡಲೇ ಹಣ ಕಟ್ಟಬೇಕು ಎಂಬುದು ಸುತ್ತೋಲೆಯ ಆಶಯ.

ಹಿತೇಶನಿಗೆ ನಾಚಿಕೆಯಾಗಲಿಲ್ಲ. ಮುಂದಿನ ತಿಂಗಳು ಅವನ ಮದುವೆಯಿತ್ತು.

ಪಕ್ಕದ ಮನೆಯವರು ಸದಾನಂದರು. ಸ್ಟೇಷನ್ ಹತ್ತಿರ ಸಣ್ಣ ಹೋಟೆಲು. ಬಿಲ್ಲು ಬಂದ ವಾರವೇ ತೆರಿಗೆ ಕಟ್ಟುವ ಅಭ್ಯಾಸ. ಅವರ ಹೆಂಡತಿ ಮೋಹಿನಿಯನ್ನು, ಇನ್ನು ಮಾಡುವುದೇನೂ ಇಲ್ಲ, ನೋವಿಲ್ಲದೆ ನಿದ್ದೆ ಬಂದರೆ ಸಾಕು ಎಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು.

"ಹಿತೇಶ, ಒಮ್ಮೆ ಆ ತೆರಿಗೆ ಕಟ್ಟಿಬಿಡು ಮಾರಾಯ. ಅವಳಿಗೆ ಕಣ್ಣು ಮುಚ್ಚಲಿಕ್ಕೆ ಆಗುವುದಿಲ್ಲ."

"ಅಂಕಲ್, ಈಗ ಕಟ್ಟಿದ್ರೆ ಶಾದಿಗೆ ಬ್ಯಾಂಡ್ ಫುಕಟ್ ಎಲ್ಲಿಂದ ಬರ್ತದೆ? ಥೋಡಾ ಅಡ್ಜಸ್ಟ್ ಮಾಡಿ."

ಸದಾನಂದರು ಕರ ಕಚೇರಿಗೆ ಹೋದರು. ಅಧಿಕಾರಿಯ ಹೆಸರು ಶ್ರೀಮಂತ; ಕಲಬುರಗಿ ಕಡೆಯವರು, ಸಹೃದಯಿ. ಕುರ್ಚಿ ಕೊಟ್ಟರು.

"ನೀವು ತೆರಿಗಿ ಕಟ್ಟೀರಿ. ಅದಕ್ಕ ನಿಮ್ಮ ಮನಿ ಮುಂದ ಬಾರ್ಸಂಗಿಲ್ರಿ."

"ಗೋಡೆ ಒಂದೇ ಅಲ್ವಾ ಸಾರ್?"

"ಗೋಡಿ ನಮ್ಮ ಖಾತೆಗೆ ಬರೂದಿಲ್ರಿ."

"ಹಾಗಾದರೆ ಅವನ ಬಾಕಿಯನ್ನು ನಾನೇ ಕಟ್ಟುತ್ತೇನೆ."

ಶ್ರೀಮಂತರು ಗಾಬರಿಯಾದರು. "ಬ್ಯಾರೆಯವರ ಬಾಕಿ ಕಟ್ಟೂದು ಅಪರಾಧರೀ, ಯಜಮಾನ್ರ. ಮೌನ ಬೇಕಂದ್ರ ಮೌನದ್ದಽ ಶುಲ್ಕ ಕಟ್ರಿ."

ಹೀಗೆ ಮೌನ ಶುಲ್ಕ ಹುಟ್ಟಿತು. ಸದಾನಂದರು ತಿಂಗಳ ಮುಂಗಡ ಕಟ್ಟಿದರು. ಬ್ಯಾಂಡು ಮುಂದಿನ ಬಿಲ್ಡಿಂಗಿನ ಬಾಕಿದಾರನ ಬಾಗಿಲಿಗೆ ಹೋಯಿತು. ಅಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರು. ಅವರ ತಂದೆತಾಯಿಯರೂ ಕಟ್ಟಿದರು. ಒಬ್ಬ ಬಾಕಿದಾರನ ಸುತ್ತ ಸರಾಸರಿ ಹತ್ತು ಮನೆಗಳು ಮೌನ ಕೊಳ್ಳುತ್ತವೆಂದೂ, ಅವನು ಬಾಕಿ ತೀರಿಸಿದರೆ ಹತ್ತೂ ಮನೆಗಳ ಆದಾಯ ನಿಲ್ಲುತ್ತದೆಂದೂ ಲೆಕ್ಕ ವಿಭಾಗ ಕಂಡುಹಿಡಿಯಿತು. ಉಪವಿಭಾಗದ ವರಮಾನ ಮೂರು ಪಟ್ಟಾಯಿತು. ತೆರಿಗೆ ಮಾತ್ರ ಬರಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.

ಕಚೇರಿಯ ಗೋಡೆಯ ಮೇಲೆ ಪ್ರಕಟಣೆ ಬಿತ್ತು: "ಬಾಕಿದಾರರು ಆತುರದಿಂದ ತೆರಿಗೆ ಪಾವತಿಸಿ ಸಾರ್ವಜನಿಕ ಆದಾಯಕ್ಕೆ ಧಕ್ಕೆ ತರಬಾರದು. ತಪ್ಪಿದಲ್ಲಿ ದಂಡ ವಿಧಿಸಲಾಗುವುದು." ಕಟ್ಟಲು ಬಂದ ಇಬ್ಬರಿಗೆ ಬುದ್ಧಿ ಹೇಳಿ ವಾಪಸು ಕಳಿಸಲಾಯಿತು.

ಹಿತೇಶನ ಮದುವೆಗೆ ಬ್ಯಾಂಡು ಕಲ್ಯಾಣ ಮಂಟಪಕ್ಕೇ ಹೋಯಿತು. ಬಾಕಿದಾರ ಇದ್ದಲ್ಲಿ ವಸೂಲಿ ಎಂಬುದು ನಿಯಮ. ಮರುವಾರ ಕಚೇರಿಯಲ್ಲಿ ಅವನಿಗೆ ಆದರ್ಶ ಬಾಕಿದಾರನೆಂದು ಸನ್ಮಾನ. ಶಾಲು ಹೊದಿಸಲು ಮೌನದ ಮೊದಲ ಗ್ರಾಹಕರಾದ ಸದಾನಂದರನ್ನು ಕರೆದರು. ಅವರು ಮುಂದಿನ ತಿಂಗಳ ಶುಲ್ಕ ಕಟ್ಟಿ, ರಸೀದಿ ಜೇಬಿಗಿಟ್ಟು, ಶಾಲು ಹೊದಿಸಿದರು.

"ಆಂಟಿ ಹೇಗಿದ್ದಾರೆ ಅಂಕಲ್?"

"ಮಲಗಿದ್ದಾಳೆ. ನಿದ್ದೆ ಬರ್ತಾ ಉಂಟು."

ಎಲ್ಲರೂ ಚಪ್ಪಾಳೆ ತಟ್ಟಿದರು.

ಮೋಹಿನಿ ತೀರಿಕೊಂಡದ್ದು ಆ ಶುಕ್ರವಾರ. ಮುಂದಿನ ತಿಂಗಳು ಮುಗಿಯುವವರೆಗೂ ಬಿಲ್ಡಿಂಗಿನ ಮುಂದೆ ಬ್ಯಾಂಡ್ ಬಾರಿಸಲಿಲ್ಲ, ಹಣ ಕಟ್ಟಿಯಾಗಿತ್ತು.