ಕತ್ತರಿ ಸೋಕದ ಸೊಪ್ಪು

ಸಲೂನಿಗೆ ಬಂದವರನ್ನೆಲ್ಲ ‘ಶಾರ್ಟಾ, ಮೀಡಿಯಮ್ಮಾ?’ ಎಂದು ಕೇಳಿ, ಅವರು ಏನೇ ಹೇಳಿದರೂ ಮೀಡಿಯಮ್ಮೇ ಮಾಡಿ ಕಳಿಸುತ್ತಿದ್ದುದರಿಂದ ಬೀದಿಯವರೆಲ್ಲ ಆ ಸಲೂನಿನ ಯಜಮಾನರಿಗೆ ಮೀಡಿಯಂ ಮಾಸ್ತರು ಎಂದು ನಾಮಕರಣ ಮಾಡಿದ್ದರು. ಈ ಮಾಸ್ತರಿಗೆ ಬದುಕಿನ ಮೇಲೆ ಇದ್ದದ್ದು ಒಂದೇ ದೂರು.

“ಬೆಳಗಾದ್ರೆ ಕತ್ತರಿ, ಸಂಜೆಯಾದ್ರೆ ಕತ್ತರಿ. ಬೆಳೆದದ್ದನ್ನ ಕತ್ತರಿಸೋದ್ರಲ್ಲೇ ಮುಗೀತು ಕಣೇ ನನ್ನ ಜನ್ಮ. ಒಂದು ಸಲನಾದ್ರೂ, ಏನಾದ್ರೂ ಒಂದು, ಅದರ ಪಾಡಿಗೆ ಅದು ಪೂರ್ತಿ ಬೆಳೆಯೋದನ್ನ ಕಣ್ತುಂಬ ನೋಡ್ಬೇಕು.”

“ನಿಮ್ಮ ಹೊಟ್ಟೆ ಇದೆಯಲ್ಲ, ನೋಡ್ಕೊಳ್ಳಿ. ಅದಕ್ಕೆ ಯಾರೂ ಕತ್ತರಿ ಹಾಕಿಲ್ಲ,” ಎಂದಳು ಹೆಂಡತಿ.

ಮಾಸ್ತರು ಬಿಡುವ ಆಸಾಮಿಯಲ್ಲ. ಮೂರನೇ ಮಹಡಿಯ ಆ ಪುಟ್ಟ ಮನೆಗೆ ಇದ್ದದ್ದು ಒಂದು ಬಾಲ್ಕನಿ. ಆ ಬಾಲ್ಕನಿಯಲ್ಲಿ ಬಿಸಿಲು ಬೀಳುತ್ತಿದ್ದುದು ಒಂದು ಮೂಲೆಗೆ. ಆ ಮೂಲೆಯಲ್ಲಿ ಇದ್ದದ್ದು ಹೆಂಡತಿಯ ಬಟ್ಟೆ ಒಣಹಾಕುವ ಹಗ್ಗ. ಮಾಸ್ತರು ಹಗ್ಗ ಬಿಚ್ಚಿ ಸುತ್ತಿಟ್ಟರು. ಪೇಂಟಿನ ಹಳೇ ಡಬ್ಬ, ಹಿಡಿ ಮುರಿದ ಬಕೆಟ್ಟು, ನಾಲ್ಕಾರು ಕುಂಡ, ಎಲ್ಲಕ್ಕೂ ಮಣ್ಣು ತುಂಬಿ ಹಸಿಯಾಗೇ ತಿನ್ನುವ ಲೆಟ್ಯೂಸು, ಕೊತ್ತಂಬರಿ, ಸಬ್ಬಸಿಗೆಯ ಬೀಜ ಹಾಕಿ, ಸಾಮ್ರಾಜ್ಯ ಸ್ಥಾಪಿಸಿದವರ ಹಾಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಅಂದಿನಿಂದ ಒದ್ದೆ ಬಟ್ಟೆಗಳು ಕುರ್ಚಿಯ ಬೆನ್ನು, ಬಾಗಿಲ ನೆತ್ತಿ, ಕಿಟಕಿಯ ಸರಳು ಹೀಗೆ ಸಿಕ್ಕಲ್ಲಿ ಆಶ್ರಯ ಪಡೆದವು. ಟೀವಿ ನೋಡಬೇಕಾದರೆ ಮೊದಲು ಲುಂಗಿ ಸರಿಸಬೇಕಾಯಿತು.

ಹೆಂಡತಿ ರಂಪ ಮಾಡಲಿಲ್ಲ. ಕರಾರು ಹಾಕಿದಳು.

“ಪರೀಕ್ಷೆ ಎಲ್ಲ ಮುಗಿದ ಮೇಲೆ ನಮ್ಮಕ್ಕ ಊಟಕ್ಕೆ ಬರ್ತಾಳೆ. ಅವತ್ತು ನಿಮ್ಮ ಸೊಪ್ಪು ತಟ್ಟೆ ತುಂಬ ಮೇಜಿನ ಮೇಲೆ ಇರ್ಬೇಕು, ಅಕ್ಕ ತಿನ್ಬೇಕು. ತಿಂದ್ರೆ ಆ ಮೂಲೆ ನಿಮ್ಮದು. ಇಲ್ಲಾಂದ್ರೆ ಕುಂಡ ಎಲ್ಲ ಬೀದಿಗೆ, ನನ್ನ ಹಗ್ಗ ಮೇಲಕ್ಕೆ.”

(ಅಕ್ಕ ಶಾಲೆಯೊಂದರ ಹೆಡ್‌ಮಿಸ್ಸು. ತಪ್ಪು ಹುಡುಕುವುದು ಆಕೆಗೆ ಉದ್ಯೋಗವೂ ಹೌದು, ವಿಶ್ರಾಂತಿಯೂ ಹೌದು.)

ಮೊಳಕೆ ಬಂದ ಬೆಳಗ್ಗೆ ಮಾಸ್ತರು ಸಲೂನು ತೆರೆಯುವುದನ್ನೇ ಮರೆತರು. ಎಳ್ಳಿನಷ್ಟೂ ಇಲ್ಲದ ಬೀಜ, ತನಗಿಂತ ದೊಡ್ಡ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತು ಎದ್ದು ನಿಂತಿತ್ತು. ಯಾರು ಕಲಿಸಿದರು ಇದಕ್ಕೆ? ಕತ್ತಲಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಗೆ ತಿಳಿಯಿತು? ಮಾಸ್ತರು ಮಂಡಿಯೂರಿ ಕುಳಿತು ಅದನ್ನೇ ನೋಡಿದರು. ಗಿರಾಕಿಗಳ ತಲೆಗೆ ನೀರು ಸಿಂಪಡಿಸುವ ಬಾಟಲಿಯನ್ನು ಸಲೂನಿನಿಂದ ತಂದು, ಮಂಜಿನ ಹಾಗೆ ನೀರು ಹನಿಸತೊಡಗಿದರು. ಸಲೂನಿನಲ್ಲಿ ಗಿರಾಕಿಗಳ ಒಣ ತಲೆಗೇ ಕತ್ತರಿ ಬೀಳತೊಡಗಿತು.

ಸೊಪ್ಪು ಬಂತು. ಹಾಸಿಗೆ ಹಾಸಿದ ಹಾಗೆ ಬಂತು. ಒಂದು ದಿನ ಹೆಂಡತಿ ಒಲೆಯ ಮುಂದಿನಿಂದ ಕೂಗಿದಳು:

“ರೀ, ಒಂದು ನಾಲ್ಕು ಎಸಳು ಕೊತ್ತಂಬರಿ ಕಿತ್ಕೊಡಿ.”

“ಇನ್ನೂ ಎಳೇದು ಕಣೇ.”

ಮುಂದಿನ ವಾರ ಕೇಳಿದಾಗ, “ಈಗ ತಾನೇ ಸುಧಾರಿಸ್ಕೊಳ್ತಾ ಇದೆ,” ಎಂದರು.

“ಯಾಕೆ, ಜ್ವರ ಬಂದಿತ್ತಾ?” ಎಂದವಳೇ ಹೆಂಡತಿ ಚೀಲ ಹಿಡಿದು ಅಂಗಡಿಗೆ ಹೋಗಿ ಕೊತ್ತಂಬರಿ ಕೊಂಡು ತಂದಳು. ಇನ್ನು ಆ ಬಾಲ್ಕನಿಗೆ ಕಾಲಿಡುವುದಿಲ್ಲ ಎಂದು ಅಂದೇ ಶಪಥ ಮಾಡಿದಳು. ಕಾಲಿಡಲೂ ಇಲ್ಲ; ಕಿಟಕಿಗೆ ಒದ್ದೆ ಬಟ್ಟೆಯ ಪರದೆ ಬಿದ್ದಿದ್ದರಿಂದ ಅತ್ತ ಕಣ್ಣೂ ಹಾಯಲಿಲ್ಲ. ಮಾಸ್ತರು ಬಾಲ್ಕನಿಯಿಂದ ಒಂದೆಲೆಯನ್ನೂ ಕೀಳಲಿಲ್ಲ, ಕೀಳಲು ಬಿಡಲಿಲ್ಲ, ಬಾಯಿಗಂತೂ ಹಾಕಲೇ ಇಲ್ಲ.

ಅಷ್ಟರಲ್ಲಿ ಬಿಸಿಲು ಏರಿತು. ಅಲ್ಲಿಯವರೆಗೆ ನೆಲಕ್ಕೆ ಅಂಟಿ ಕುಳಿತಿದ್ದ ಲೆಟ್ಯೂಸು ಒಂದು ಬೆಳಗ್ಗೆ ನಡುವಿನಿಂದ ದಂಟೆಬ್ಬಿಸಿ ಎದ್ದಿತು. ಎದ್ದದ್ದು ನಿಲ್ಲಲೇ ಇಲ್ಲ. ಕಂಬಿ ದಾಟಿತು, ಕಿಟಕಿ ದಾಟಿತು, ಮಾಸ್ತರ ಗದ್ದಕ್ಕೆ ಬಂತು. ಕೊತ್ತಂಬರಿ ನೂಲಿನಂಥ ಎಲೆ ಬಿಟ್ಟುಕೊಂಡು ಹಿಂದೆಯೇ ಹೊರಟಿತು. ಸಬ್ಬಸಿಗೆ ಕೊಡೆ ಬಿಚ್ಚಲು ಸಿದ್ಧವಾಯಿತು. ಕಟ್ಟಿನಲ್ಲಿ ಸುತ್ತಿಕೊಂಡು ಬಿದ್ದಿರುವ ಸೊಪ್ಪನ್ನಷ್ಟೇ ಜೀವಮಾನವಿಡೀ ಕಂಡಿದ್ದ ಮಾಸ್ತರು ಗಿಡದ ಪಕ್ಕ ನಿಂತು ಎತ್ತರ ಅಳೆದುಕೊಂಡರು.

“ನಾವು ಕತ್ತರಿಸ್ತೀವಲ್ಲ, ಅದಕ್ಕೇ ಅದು ಗಿಡ್ಡ,” ಎಂದು ಸಲೂನಿನಲ್ಲಿ ಸಾರಿದರು. “ಬಿಟ್ಟು ನೋಡಿ, ಎಲ್ಲಿಗೆ ಹೋಗುತ್ತೆ ಅಂತ.” ಹೀಗೆ ಹೇಳುವಾಗ ಕತ್ತರಿ ಗಾಳಿಯಲ್ಲೇ ನಿಂತಿರುತ್ತಿತ್ತು. ಒಬ್ಬ ಗಿರಾಕಿಯಂತೂ ಒಂದು ಕಡೆಯ ಕೂದಲು ತೆಗೆಸಿಕೊಂಡು, ಇನ್ನೊಂದು ಕಡೆಗೆ ಕಾದೂ ಕಾದೂ ಎದ್ದು ಹೋದ.

ಸೊಪ್ಪಿನ ಗಿಡ ಹೂವಿಗೆ ಮನಸ್ಸು ಮಾಡಿದರೆ ಎಲೆ ಕಹಿಯಾಗುತ್ತದೆ. ಒಂದೆಲೆ ಕಿತ್ತು ಬಾಯಿಗೆ ಹಾಕಿಕೊಂಡ ಯಾರಿಗೂ ಅದು ತಿಳಿಯುತ್ತಿತ್ತು. ಮಾಸ್ತರು ಹಾಕಿಕೊಂಡಿರಲಿಲ್ಲವಲ್ಲ.

ಅಕ್ಕ ಬಂದಳು. ಬಾಗಿಲಲ್ಲೇ, “ಕಾಲೊರೆಸೋದು ಸೊಟ್ಟ ಹಾಕಿದೀರಿ,” ಎಂದಳು. ಒಳಗೆ ಬಂದು, “ಕೂರೋದೆಲ್ಲಿ? ಕುರ್ಚಿಗೆಲ್ಲ ಬಟ್ಟೆ ತೊಡಿಸಿದೀರಲ್ಲ,” ಎಂದಳು. ಹೆಂಡತಿ ಗಂಡನ ಕಡೆ ನೋಡಿದ ನೋಟಕ್ಕೆ ಬಟ್ಟೆ ತಾನಾಗಿ ಒಣಗಬೇಕಿತ್ತು.

ಮಾಸ್ತರು ಬಾಲ್ಕನಿಗೆ ಹೋದರು. ಕತ್ತರಿ ಮುಟ್ಟಲಿಲ್ಲ. ಮನಸ್ಸಿನಲ್ಲೇ ಕ್ಷಮೆ ಕೇಳಿ ಬೆರಳಿನಿಂದ ಲೆಟ್ಯೂಸಿನ ಎಲೆ ಬಿಡಿಸಿದರು. ಬಿಡಿಸಿದ ಕಡೆ ದಂಟಿನಿಂದ ಹಾಲು ಜಿನುಗಿತು. ಬಿಳೀ ಹಾಲು. ಮಾಸ್ತರ ಮೈ ಜುಮ್ಮೆಂದಿತು. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಇಟ್ಟರು.

“ತಗೊಳ್ಳಿ ಅಕ್ಕ. ಹಾಲು ತುಂಬಿದೆ ಇದರಲ್ಲಿ.”

ಅಕ್ಕ ಒಂದೆಲೆಯನ್ನು ಮಡಚಿ ಬಾಯಿಗಿಟ್ಟುಕೊಂಡಳು. ಒಮ್ಮೆ ಅಗಿದಳು. ನಿಲ್ಲಿಸಿದಳು. ಹೂಜಿಯ ಅರ್ಧ ನೀರು ಖಾಲಿಯಾದ ಮೇಲೆ ಕೇಳಿದಳು:

“ಇದು ತಿನ್ನೋದಾ, ಗಾಯಕ್ಕೆ ಹಚ್ಚೋದಾ?”

ಹೆಂಡತಿ ಹಗ್ಗ ಹುಡುಕಲು ಎದ್ದಳು.

ಮಾಸ್ತರು ನೊಂದುಕೊಂಡರು. ಸೋತದ್ದಕ್ಕಲ್ಲ. ಅಷ್ಟು ಎತ್ತರಕ್ಕೆ ಹೋದದ್ದು ಬೀದಿಯ ಕಸಕ್ಕೆ ಬೀಳಬೇಕಲ್ಲ ಎಂದು. ಬೇರೆ ಯಾರೋ ಬುಡಸಮೇತ ಕಿತ್ತು ಎಸೆಯುವುದಕ್ಕಿಂತ ತಾವೇ ಮರ್ಯಾದೆಯಿಂದ ಮುಗಿಸುವುದು ಮೇಲು ಎಂದುಕೊಂಡು, ಸಲೂನಿನ ಕೈಚೀಲದಿಂದ ತಮ್ಮ ಅತಿ ಒಳ್ಳೆಯ ಕತ್ತರಿ ತೆಗೆದರು. ಲೆಟ್ಯೂಸಿನ ಮುಂದೆ ನಿಂತರು. ಅಭ್ಯಾಸಬಲದಿಂದ ಒಂದು ಕೈ ಗಿಡದ ತಲೆಯನ್ನು ಮೆಲ್ಲಗೆ ಬಗ್ಗಿಸಿತು.

ಹೆಂಡತಿ ಹಗ್ಗ ಹಿಡಿದು ಹೊಸ್ತಿಲು ದಾಟಿ ಬಂದಳು. ಬಂದವಳು ನಿಂತುಬಿಟ್ಟಳು.

ಕೊತ್ತಂಬರಿ ಇಡೀ ಬೆಳ್ಳಗೆ ಹೂವಾಗಿತ್ತು. ಸಬ್ಬಸಿಗೆ ಅವಳ ತಲೆಗೂ ಮೇಲೆ ಹಳದಿ ಕೊಡೆಗಳನ್ನು ಬಿಚ್ಚಿ ಹಿಡಿದಿತ್ತು. ಲೆಟ್ಯೂಸಿನ ಗೋಪುರದ ತುದಿಯಲ್ಲಿ ಪುಟ್ಟ ಪುಟ್ಟ ಹಳದಿ ಹೂವು. ಎಲ್ಲಿಂದಲೋ ಜೇನುಹುಳಗಳು ಬಂದಿದ್ದವು. ಮೂರನೇ ಮಹಡಿಗೆ, ಇಷ್ಟು ಸಿಮೆಂಟು ದಾಟಿಕೊಂಡು, ಈ ಪೇಂಟಿನ ಡಬ್ಬಗಳ ವಿಳಾಸ ಅವಕ್ಕೆ ಕೊಟ್ಟವರು ಯಾರು? ಬಾಲ್ಕನಿ ತುಂಬ ಮೆಲ್ಲನೆಯ ಗುಂಯ್‌ಗುಡುವಿಕೆ. ಅವಳ ಕೈಯಿಂದ ಹಗ್ಗ ಜಾರಿತು.

“ರೀ,” ಎಂದಳು, ಪಿಸುಮಾತಿನಲ್ಲಿ. “ಇದೆಲ್ಲ ನಮ್ಮನೇಲಿ ಆಗ್ತಾ ಇತ್ತಾ?”

ಆಗ ಅವಳ ಕಣ್ಣು ಕತ್ತರಿಯ ಮೇಲೆ ಬಿತ್ತು.

“ಏನ್ ಮಾಡ್ತಾ ಇದೀರಿ ನೀವು?”

“ನೀನೇ ಹೇಳಿದ್ಯಲ್ಲ...”

“ನಾನು ಕುಂಡ ತೆಗೀರಿ ಅಂದಿದ್ದೆ. ಇದರ ಕತ್ತು ಹಿಡಿದು ಕತ್ತರಿಸಿ ಅಂದಿದ್ನಾ? ಹೇಗಾದ್ರೂ ಮನಸ್ಸು ಬಂತು ನಿಮಗೆ? ಕೆಳಗಿಡಿ ಅದನ್ನ.”

ಅಕ್ಕನೂ ಬಂದಳು. ಸುತ್ತ ನೋಡಿದಳು. ತಪ್ಪು ಹೇಳಲು ಬಾಯಿ ತೆರೆದು, ಏನೂ ಸಿಗದೆ ಮುಚ್ಚಿಕೊಂಡಳು. ಒಳಗಿನಿಂದ ಎರಡು ಕುರ್ಚಿ ಬಂದವು. ಮೂರನೆಯದಕ್ಕೆ ಜಾಗವಿರಲಿಲ್ಲ. ಕತ್ತಲಾಗುವವರೆಗೆ ಅಕ್ಕತಂಗಿಯರು ಹೂವಿನ ನಡುವೆ ಕುಳಿತು, ಚಿಕ್ಕಂದಿನ ಮಾತಾಡಿಕೊಂಡು ನಕ್ಕರು. ಮಾಸ್ತರು ಒಳಗೆ ತಟ್ಟೆ ಲೋಟ ತೊಳೆದರು.

ಮೂಲೆ ಗಿಡಗಳಿಗೇ ಉಳಿಯಿತು. ಆ ಲೆಕ್ಕದಲ್ಲಿ ಮಾಸ್ತರು ಗೆದ್ದರು. ಆದರೆ ಬಾಲ್ಕನಿಗೆ ಅವರ ಪ್ರವೇಶ ನಿಷಿದ್ಧವಾಯಿತು.

“ಬೈಕೋಬೇಡಿ,” ಎಂದಳು ಹೆಂಡತಿ, ಸಾಕಷ್ಟು ಪ್ರೀತಿಯಿಂದಲೇ. “ನಿಮ್ಮದು ಕತ್ತರಿ ಹಿಡಿದ ಕೈ. ಉದ್ದ ಕಂಡ್ರೆ ಸುಮ್ಮನಿರಲ್ಲ. ಅವತ್ತು ನಾನು ಕಣ್ಣಾರೆ ನೋಡಿದೀನಲ್ಲ.”

ಹಗ್ಗ ಮೇಲಕ್ಕೇ ಹೋಯಿತು, ಐದನೇ ಮಹಡಿಯ ಮೇಲಿನ ತಾರಸಿಗೆ. ಈಗ ದಿನಾ ಬೆಳಗ್ಗೆ ಒದ್ದೆ ಬಟ್ಟೆಯ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತುವವರು ಮಾಸ್ತರು. ಲಿಫ್ಟಿಲ್ಲ. ಏದುಸಿರು ಬಿಡುತ್ತ ಬಟ್ಟೆ ಹರವಿ, ಗೋಡೆಯಂಚಿಗೆ ಬಂದು ಕೆಳಗೆ ಬಗ್ಗಿ ನೋಡುತ್ತಾರೆ. ಅಲ್ಲಿ ಹಳದಿ ಕೊಡೆಗಳು, ಬಿಳೀ ಹೂವಿನ ನೊರೆ, ಅದರ ನಡುವೆ ಕಾಫಿ ಲೋಟ ಹಿಡಿದು ಕುಳಿತ ಹೆಂಡತಿ. ಮೇಲಿನಿಂದ ನೋಡಿದರೆ ಇನ್ನೂ ಚೆಂದ. ಮಾಸ್ತರು ತಮ್ಮನ್ನೇ ಮರೆತು ನಿಲ್ಲುತ್ತಾರೆ.

ಹೆಂಡತಿ ತಲೆಯೆತ್ತುತ್ತಾಳೆ.

“ರೀ, ಬಟ್ಟೆ ನೀರು ಹೂವಿನ ಮೇಲೆ ತೊಟ್ಟಿಕ್ತಾ ಇದೆ. ಆ ಕಡೆ ಗೋಡೆಗೆ ಹಾಕಿ.”

ಮಾಸ್ತರು ಬಕೆಟ್ಟು ಎತ್ತಿಕೊಂಡು ಆ ಕಡೆಗೆ ಹೋಗುತ್ತಾರೆ. ಆ ಕಡೆಯಿಂದ ಬಗ್ಗಿ ನೋಡಿದರೆ ಕಾಣುವುದು ಅವರ ಸಲೂನು.