ಆಳಿಗೊಂದು ಕುರ್ಚಿ

ಎಲ್ಲ ರಗಳೆಗೂ ಮೂಲ ಒಂದು ತೂಗುಕುರ್ಚಿ.

ಬೇರೆಯಾಗಲು ಹೊರಟ ಗಂಡ ಹೆಂಡತಿಯನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ, ಎರಡೂ ಕಡೆಯ ವಕೀಲರು ಒಂದೇ ಮೇಜಿಗೆ ಕೂತು ಮಾತಿನಲ್ಲೇ ಮುಗಿಸುವುದು ಆ ಆಫೀಸಿನ ಪದ್ಧತಿ. ಮಾತು ಮುರಿದು ಅವರು ಕೋರ್ಟಿಗೆ ಹೋದರೆ ವಕೀಲರು ಕೇಸು ಬಿಟ್ಟು ಏಳಬೇಕು. ನಮ್ಮ ವಕೀಲರು, ಪಾಪ, ಮೂರು ಸಲ ಹಾಗೆ ಎದ್ದಿದ್ದರು. "ಇದರಲ್ಲೂ ಒಪ್ಪಂದಕ್ಕೆ ಸಹಿ ಬೀಳ್ಲಿಲ್ಲ ಅಂದ್ರೆ ನಿಮ್ಮ ಮೇಜು ಖಾಲಿ ಮಾಡ್ಬಿಡಿ," ಎಂದು ಹಿರಿಯ ವಕೀಲರು ಬೆಳಿಗ್ಗೆಯೇ ಹೇಳಿದ್ದರು.

ಅವತ್ತು ಬಂದ ದಂಪತಿಯಲ್ಲಿ ನಮ್ಮ ವಕೀಲರು ಗಂಡನ ಕಡೆ. ಮನೆ, ಮಗಳ ರಜಾದಿನ, ಬೆಕ್ಕು, ಎಲ್ಲ ಹಂಚಿಕೆಯಾಯಿತು. ಕುರ್ಚಿಯ ಸರದಿ ಬಂದಾಗ ಇಬ್ಬರೂ ಸೆಟೆದು ಕೂತರು.

"ಅದರಲ್ಲಿ ಕೂರ್ದೆ ನನಗೆ ಪೇಪರ್ ಓದಕ್ಕೇ ಆಗಲ್ಲ," ಎಂದ ಗಂಡ.

"ಮಗೂನ ಮಲಗಿಸಿದ್ದು ಅದರಲ್ಲೇ. ಆಗ್ಲೂ ಇವರು ಪೇಪರೇ ಓದ್ತಿದ್ರು!" ಎಂದಳು ಹೆಂಡತಿ.

"ಗರಗಸ ತರಿಸ್ಲಾ?" ಎಂದು ಅವಳ ಕಡೆಯ ವಕೀಲೆ ಕೇಳಿದ್ದೇ ತಪ್ಪಾಯಿತು. ಗಂಡ ಬ್ಯಾಗು ಎತ್ತಿಕೊಂಡು, "ಕೋರ್ಟಲ್ಲೇ ನೋಡ್ಕೋತೀನಿ," ಎಂದು ಎದ್ದ. ನಮ್ಮ ವಕೀಲರು ಬಾಗಿಲಿಗೆ ಅಡ್ಡ ನಿಂತರು.

"ತಡೀರಿ ಮಾರಾಯ್ರೆ! ನಮ್ಮನೇಲೂ ಅಂಥದ್ದೇ ಒಂದಿದೆ. ತಗೊಳ್ಳಿ, ಆಳಿಗೊಂದು!"

ಅದು ಬಡಗಿಯಾಗಿದ್ದ ಅವರ ಮಾವ ಸಾಯುವ ಮುಂಚೆ ಮಗಳಿಗೆಂದು ಮಾಡಿದ ಕೊನೆಯ ಕುರ್ಚಿ. ಆ ಗಳಿಗೆಯಲ್ಲಿ ಇದು ನೆನಪಾಗಲಿಲ್ಲವೋ, ನೆನಪಾದರೂ ನುಂಗಿಕೊಂಡರೋ! ದಂಪತಿಗೆ ನಂಬಿಕೆ ಬರಲೆಂದು, 'ಕೊಟ್ಟ ಕುರ್ಚಿಯನ್ನು ಯಾವ ಕಾರಣಕ್ಕೂ ವಾಪಸು ಕೇಳುವುದಿಲ್ಲ' ಎಂದು ತಾವೇ ಬರೆದು ಸಹಿ ಹಾಕಿದರು. ತಮ್ಮ ಹೆಂಡತಿ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲೇ ಕುರ್ಚಿ ಸಾಗಿಸಿದ್ದೂ ಆಯಿತು. ಸಂಜೆ ಐದಕ್ಕೆ ಒಪ್ಪಂದಕ್ಕೆ ಸಹಿ ಎಂದು ನಿಗದಿಯಾಯಿತು.

ನಾಲ್ಕಕ್ಕೆ ಫೋನು ಬಂತು. "ನಮ್ಮಪ್ಪನ ಕುರ್ಚಿ ಎಲ್ರೀ?"

ಹೆಂಡತಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವರು ಎದ್ದೆನೋ ಬಿದ್ದೆನೋ ಎಂದು ಆ ದಂಪತಿಯ ಮನೆಗೆ ಓಡಿದರು.

ಅಲ್ಲಿ ನೋಡಿದರೆ ಇಬ್ಬರೂ ಎರಡು ಕುರ್ಚಿಯಲ್ಲಿ ಅಕ್ಕಪಕ್ಕ ತೂಗುತ್ತಾ ಕೂತಿದ್ದರು!

"ಬನ್ನಿ ಸಾರ್! ಒಂದೇ ಕುರ್ಚಿ ಇದ್ದದ್ದೇ ನಮ್ಮ ಜಗಳ ಅಂತ ಈಗ ಗೊತ್ತಾಯ್ತು. ನಾವು ಬೇರೆ ಆಗಲ್ಲ."

"ಹಾಗಾದ್ರೆ ನನ್ನ ಕುರ್ಚಿ..."

"ವಾಪಸ್ ಕೇಳಲ್ಲ ಅಂತ ನೀವೇ ಬರ್ಕೊಟ್ಟಿದೀರಲ್ಲ!" ಇಬ್ಬರೂ ಒಕ್ಕೊರಲಿನಿಂದ ಹೇಳಿದರು.

ಕಾಲೆಳೆದುಕೊಂಡು ಆಫೀಸಿಗೆ ಬಂದರೆ, ಅದೇ ಮೇಜಿನ ಆಚೆ ಬದಿಗೆ, ಅದೇ ವಕೀಲೆಯ ಪಕ್ಕದಲ್ಲಿ ಅವರ ಹೆಂಡತಿ ಕೂತಿದ್ದಳು. ಅತ್ತು ಅತ್ತು ಕಣ್ಣು ಕೆಂಪಗಾಗಿತ್ತು.

"ನಾನು ಕೋರ್ಟಿಗೆ ಹೋಗಲ್ಲ ರೀ. ಮನೆ, ಸಾಮಾನು, ಎಲ್ಲಾ ನೀವೇ ಇಟ್ಕೊಳ್ಳಿ. ನನಗೆ ಅಪ್ಪನ ಕುರ್ಚಿ ಒಂದು ಸಾಕು."

ಹಿರಿಯ ವಕೀಲರು ಖುಷಿಯಿಂದ ನಮ್ಮ ವಕೀಲರ ಬೆನ್ನು ತಟ್ಟಿದರು. "ಬರೀ ಒಂದು ಕುರ್ಚಿ! ಕೊನೆಗೂ ನಿಮ್ಮದೊಂದು ಒಪ್ಪಂದಕ್ಕೆ ಸಹಿ ಬೀಳುತ್ತೆ ಬಿಡಿ!"