ಇಬ್ಬರ ಹಿಮಯಾತ್ರೆಗೆ ಏಳು ಜನ

ಮಾತು ಕೊಟ್ಟರೆ ನಡೆಸುವ ಮನುಷ್ಯ ಎಂದು ಮೂಡಲಗಿ ಪೇಟೆಯಲ್ಲಿ ನನಗೊಂದು ಹೆಸರಿದೆ. ಆ ಹೆಸರು ಇಟ್ಟವನು ನಾನೇ. ಬೀಜ ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ವರ್ಷ ಕೂತವನಿಗೆ ತನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆಸಿಕೊಳ್ಳಲು ಬೇಕಾದಷ್ಟು ಪುರಸೊತ್ತು ಸಿಗುತ್ತದೆ. ಹೀಗಾಗಿ ಹೋದ ದೀಪಾವಳಿಯ ಮರುದಿನ ನನ್ನ ಹೆಂಡತಿ ಮಹಾದೇವಿ ಒಂದು ಬೇಡಿಕೆ ಇಟ್ಟಾಗ, ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ನಾನು ಒಪ್ಪಿಬಿಟ್ಟೆ.

ಬೇಡಿಕೆ ದೊಡ್ಡದೇನಲ್ಲ. ಮಗಳ ಫೋನಿನಲ್ಲಿ ಅವಳು ಹಿಮ ಬಿದ್ದ ಬೆಟ್ಟವೊಂದನ್ನು ನೋಡಿದ್ದಳು.

"ಅಂಥಾ ಗುಡ್ಡಾ ನೋಡಬೇಕ್ರಿ. ನಾವಿಬ್ಬರ. ಒಂದ ದಿನ ಸಾಕು. ಆವತ್ತ ನಾ ಯಾರಿಗೂ ನೀಡಬಾರದು, ಯಾರ ತಾಟೂ ಎತ್ತಬಾರದು. ಸುಮ್ನ ನಡೀಬೇಕು."

"ಇಷ್ಟ?"

"ಇಷ್ಟ. ಇಪ್ಪತ್ತೇಳ ವರ್ಷಕ್ಕ ಇದೊಂದ ಕೇಳಾಕತ್ತೇನಿ."

"ಆತು ತಗೋ," ಎಂದೆ. ಹಿಮಾಲಯವನ್ನು ಮನೆಗೇ ತರಿಸಿ ಕೊಡುವವನ ಗತ್ತು ನನ್ನ ದನಿಯಲ್ಲಿತ್ತು.

ಘೋಡಗೇರಿಗೆ ಕೊಟ್ಟ ನಮ್ಮ ಮಗಳು ಗಿರಿಜಾ ಫೋನಿನಲ್ಲೇ ಎಲ್ಲವನ್ನೂ ಹೊಂದಿಸಿದಳು. ಹಿಮಾಚಲದ ಬೆಟ್ಟಗಳ ನಡುವೆ ಒಂದು ರಾಷ್ಟ್ರೀಯ ಉದ್ಯಾನ. ಪಕ್ಕದ ಹಳ್ಳಿಯಲ್ಲಿ ಉಳಿದುಕೊಳ್ಳಲು ಮನೆ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮರಳುವ ಒಂದು ದಿನದ ಚಳಿಗಾಲದ ಪ್ರವಾಸ, ನಮಗೆಂದೇ ಒಬ್ಬ ಗೈಡ್. ಬೇರೆ ಯಾರೂ ಜೊತೆಗಿರುವುದಿಲ್ಲ, ಅದಕ್ಕೇ ಅದು ಖಾಸಗಿ.

"ಅಪ್ಪಾ, ಪರವಾನಗಿ ಇಬ್ಬರದ ಐತಿ," ಎಂದು ಗಿರಿಜಾ ಎರಡು ಸಲ ಹೇಳಿದಳು. "ಬೇಕಾದ್ರ ಯಾರ ಮುಂದನೂ ಹೇಳು, ಆದರ ಯಾರನ್ನೂ ಕರೀಬ್ಯಾಡ."

ಮಗಳು ನನ್ನನ್ನು ಬಲ್ಲಳು. ಆದರೆ ನಾನು ನಮ್ಮ ಸೀಮೆಯ ಮರ್ಯಾದೆಯನ್ನು ಬಲ್ಲವನು. ನಮ್ಮಲ್ಲಿ ಎಲ್ಲಿಗಾದರೂ ಹೊರಟವನು ಆ ಸುದ್ದಿ ಹೇಳಿದ ಮೇಲೆ "ನೀವೂ ಬರ್ರಿ" ಎಂದು ಸೇರಿಸಬೇಕು. ಇದು ಆಮಂತ್ರಣವಲ್ಲ, ಉಪಚಾರ. ಕೇಳಿದವನು "ಆಗಲೇಳ್ರಿ, ನೀವ ಹೋಗಿ ಬರ್ರಿ" ಎನ್ನಬೇಕು. ಇಬ್ಬರೂ ಸಂತೋಷದಿಂದ ತಮ್ಮ ತಮ್ಮ ಮನೆಗೆ ಹೋಗಬೇಕು. ಹೇಳದೆ ಬಿಟ್ಟವನಿಗೆ ಸೊಕ್ಕು ಬಂದಿದೆ ಎಂದು ಊರು ತೀರ್ಮಾನಿಸುತ್ತದೆ. ತಲೆಮಾರುಗಳಿಂದ ಈ ವ್ಯವಸ್ಥೆ ಯಾವ ತೊಂದರೆಯೂ ಇಲ್ಲದೆ ನಡೆದುಕೊಂಡು ಬಂದಿದೆ. ನನ್ನ ಕೈಗೆ ಸಿಕ್ಕು ಕೆಟ್ಟಿತು.

ಮೊದಲು ಸಿಕ್ಕವರು ಬಾಜೂ ಮನೆಯ ಮಾಸ್ತರರು. ಮೂವತ್ತೈದು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಬದನೆ ಬೀಜಕ್ಕೆಂದು ಅಂಗಡಿಗೆ ಬಂದಿದ್ದರು. ನಾನು ಹಿಮಾಲಯದ ವಿಷಯ ಹೇಳಿದೆ. ಹೇಳಿ, ಮರ್ಯಾದೆಗೆ, "ನೀವೂ ಬರ್ರಿ ಸರ್," ಎಂದೆ.

ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು.

"ಸಾಲ್ಯಾಗ ಅಷ್ಟು ವರ್ಷ ಹಿಮನದಿ ಅಂದ್ರ ಏನು ಅಂತ ಹೇಳೇನಿ. ಒಮ್ಮೆನೂ ಬರ್ಫ ಕಂಡಿಲ್ಲ. ಯಾವತ್ತ ಹೊಂಡೂದು?"

ಇದು ನಿಯಮದಲ್ಲಿ ಇಲ್ಲದ ಉತ್ತರ! ನಾನು ತಾರೀಕು ಹೇಳಿದೆ. ಇನ್ನೇನು ಮಾಡಬೇಕಿತ್ತು?

ಮಾಸ್ತರರು ಬರುವುದು ಖಚಿತವಾದ ಮೇಲೆ ಬೀಗರಿಗೆ ಹೇಳದಿರುವುದು ಹೇಗೆ? ಮಗಳನ್ನು ಕೊಟ್ಟ ಮನೆ. ಪಕ್ಕದ ಮನೆಯವರನ್ನು ಕರೆದೊಯ್ದು ಬೀಗರನ್ನು ಬಿಟ್ಟರು ಎಂಬ ಮಾತು ನಾಳೆ ಅವಳ ಕಿವಿಗೇ ಬೀಳುತ್ತದೆ. ಆದರೆ ಇಲ್ಲಿ ನಾನು ಬುದ್ಧಿ ಉಪಯೋಗಿಸಿದೆ. ಚಳಿಗಾಲದಲ್ಲಿ ಘೋಡಗೇರಿಯ ಬೀಗರು ಕಬ್ಬಿನ ಗದ್ದೆ ಬಿಟ್ಟು ಕದಲುವುದಿಲ್ಲ. ಕರೆದಂತೆಯೂ ಆಗಬೇಕು, ಬರದಂತೆಯೂ ಆಗಬೇಕು ಎಂದು ಲೆಕ್ಕ ಹಾಕಿ ಫೋನ್ ಮಾಡಿದೆ.

"ಬೀಗರ, ಕಬ್ಬ ಕಡ್ಯೂದು ಜೋರ ನಡದಿರಬೇಕಲ್ರಿ? ಇಲ್ಲಂದ್ರ ನೀವೂ ನಮ್ಮ ಜೋಡಿ ಬರ್ತಿದ್ರಿ."

"ಈ ಸಲ ಫ್ಯಾಕ್ಟರಿ ಪಾಳಿ ಲಗೂನ ಬಂತ್ರಿ. ಹೋದ ವಾರ ಎಲ್ಲಾ ಕಬ್ಬ ಹೋತು," ಎಂದರು ಬೀಗರು. "ನಾವಿಬ್ಬರೂ ಖಾಲಿನ ಕುಂತೇವಿ. ಬರ್ತೇವಿ."

ಮೂರು ದಿನಗಳಲ್ಲಿ ಮೇಲವಂಕಿಗೆ ಸುದ್ದಿ ಮುಟ್ಟಿತು. ಅಲ್ಲಿ ನಮ್ಮ ಕಾಕಾನ ಮಗ ಕಾಡಪ್ಪ ಇದ್ದಾನೆ. ಗೋಕಾಕದ ಸಂತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ.

"ಬೀಗರ ಬೇಕಾದ್ರು, ಅಣ್ಣತಮ್ಮರ ಬ್ಯಾಡಾದ್ರು. ಆಗಲಿ ಅಣ್ಣಾ."

"ಏ ಹುಚ್ಚಾ, ನೀ ಮನಿಯಾಂವ. ನಿನಗ ಬ್ಯಾರೆ ಹೇಳಬೇಕೇನು?" ಎಂದೆ.

ಅವನು ಬೇರೆ ಹೇಳಿಸಿಕೊಳ್ಳಲಿಲ್ಲ. ಹೆಂಡತಿ ಸುನಂದಾಳಿಗೆ ಅಲ್ಲೇ ನಿಂತು ಉಣ್ಣೆಯ ಶಾಲು ಕೊಂಡ.

ಆ ಸಂಜೆ ಮನೆಯಲ್ಲಿ ನಾನು ಗಂಟಲು ಸರಿಮಾಡಿಕೊಂಡು, ಪ್ರವಾಸದ ಸದಸ್ಯರ ಪಟ್ಟಿಯಲ್ಲಿ ಅಲ್ಪ ಪರಿಷ್ಕರಣೆ ಆಗಿದೆ ಎಂದು ಮಹಾದೇವಿಗೆ ತಿಳಿಸಿದೆ.

"ಎಷ್ಟ ಮಂದಿ?"

"ನಾವೂ ಸೇರಿ ಏಳು."

"ಹಂಗಾರ ದಾರಿಗೆ ರೊಟ್ಟಿ ಎಷ್ಟ ಬಡೀಲಿ?"

ಇದು ಪ್ರಶ್ನೆಯಲ್ಲ, ಏಟು ಎಂದು ಯಾವ ಗಂಡನಿಗಾದರೂ ಗೊತ್ತಾಗಬೇಕಿತ್ತು. ನಾನು ಬೆರಳು ಮಡಚಿ ಲೆಕ್ಕ ಹಾಕಿ, "ನೂರಾದರೂ ಬೇಕು," ಎಂದೆ. ಅವಳು ಸುಮ್ಮನಾದಳು. ಸುಮ್ಮನಾದಳೆಂದರೆ ಒಪ್ಪಿದಳು ಎಂದು ನಾನು ತಿಳಿದೆ. ಆ ಒಂದು ತಿಳುವಳಿಕೆಯ ಮೇಲೆಯೇ ನಮ್ಮ ಸಂಸಾರ ಅಷ್ಟು ವರ್ಷ ನಡೆದಿತ್ತು.

ಬೆಳಗಾವಿಯಲ್ಲಿ ರೈಲು ಹತ್ತಿದ್ದೇ ತಡ, ರೊಟ್ಟಿಯ ಗಂಟು ಬಿಚ್ಚಿತು. ಎರಡು ಹಗಲು ಮಹಾದೇವಿ ಏಳು ಜನಕ್ಕೆ ನೀಡಿದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಮೇಲೆ ಕರದಂಟು. ಎದುರಿನ ಸೀಟಿನ ಅಪರಿಚಿತರಿಗೂ ನಾನು "ಬರ್ರಿ, ಊಟಾ ಮಾಡೂಣು" ಎಂದೆ. ಅವರು ಉತ್ತರ ಭಾರತದವರು, ನಮ್ಮ ನಿಯಮ ತಿಳಿಯದವರು, ಬಂದು ಕೂತರು. ಮಹಾದೇವಿ ಅವರಿಗೂ ನೀಡಿದಳು. ಗಂಡಸರೆಲ್ಲ ಚಟ್ನಿಯನ್ನು ಬಹಳ ಹೊಗಳಿದೆವು. ಹೊಗಳಿಕೆಯಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ.

ಉದ್ಯಾನದ ಬಾಗಿಲಿಗೆ ಬಂದಾಗ ಬೆಳಗಿನ ಎಂಟೂವರೆ. ಸುತ್ತ ಬೆಟ್ಟ, ಬೆಟ್ಟದ ಮೇಲೆ ದೇವದಾರು, ದೇವದಾರಿನ ಮೇಲೆ ಹಿಮ. ನಮ್ಮ ಬಾಯಿಂದ ಹೊಗೆ ಬರುತ್ತಿತ್ತು. ಮಹಾದೇವಿ ಮೇಲೆ ನೋಡುತ್ತ ನಿಂತಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ನಮ್ಮ ಮದುವೆಯಲ್ಲೂ ಕಂಡಿರಲಿಲ್ಲ.

ಗೈಡ್ ಬೀನಾ ಎಂಬ ಗಟ್ಟಿಮುಟ್ಟಾದ ಹುಡುಗಿ. ನಮ್ಮನ್ನು ಎಣಿಸಿದಳು. ಏನೋ ತಪ್ಪಾಯಿತೆಂದು ಮತ್ತೆ ಎಣಿಸಿದಳು. ಆಮೇಲೆ ಹಿಂದಿಯಲ್ಲಿ, ಪರವಾನಗಿ ಇಬ್ಬರಿಗೆ ಮಾತ್ರ, ಒಂಬತ್ತರೊಳಗೆ ಹೊರಡಲೇಬೇಕು, ಬಿಸಿಲು ಇಳಿದ ಮೇಲೆ ದಾರಿ ಹೆಪ್ಪುಗಟ್ಟಿ ಜಾರುತ್ತದೆ ಎಂದು ವಿವರಿಸಿದಳು.

"ಹೊಂದಿಸ್ಕೋರಿ ಸ್ವಲ್ಪ," ಎಂದು ನಾನು ನನ್ನ ಹಿಂದಿಯಲ್ಲಿ ಬಾಗಿಲ ಕಾವಲುಗಾರನಿಗೆ ಹೇಳಿ, ಕರದಂಟಿನ ಡಬ್ಬಿ ಮುಂದೆ ಹಿಡಿದೆ. ಅವನು ಎರಡು ತುಂಡು ತಿಂದ, ಬಹಳ ಚೆನ್ನಾಗಿದೆ ಎಂದ, ಎರಡು ಬೆರಳು ಎತ್ತಿ ತೋರಿಸಿದ. ಹೆಸರು ಬೇಕಾದರೆ ಬದಲಿಸಬಹುದು, ಆದರೆ ಇಬ್ಬರೇ.

ಇಲ್ಲಿ ಬುದ್ಧಿ ಇದ್ದವನು ಏನು ಮಾಡುತ್ತಿದ್ದ? ಎಲ್ಲರ ಕ್ಷಮೆ ಕೇಳಿ, ಹೆಂಡತಿಯ ಕೈ ಹಿಡಿದು ನಡೆಯುತ್ತಿದ್ದ. ನಾನು ಬೀಗರ ಕಡೆ ತಿರುಗಿ ಕೈ ಮುಗಿದೆ.

"ಬೀಗರ, ನೀವೂ ಬೀಗತಿಯಾರೂ ಹೋಗಿ ಬರ್ರಿ. ನಮ್ಮದೇನೈತಿ, ಮತ್ತೊಮ್ಮೆ ಬರ್ತೇವಿ."

ನನ್ನ ಜಾಗದ ಜೊತೆಗೆ ಮಹಾದೇವಿಯ ಜಾಗವನ್ನೂ ಕೊಟ್ಟುಬಿಟ್ಟೆ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಕೊಡುವ ಉತ್ಸಾಹದಲ್ಲಿದ್ದೆ.

"ಛೇ ಛೇ," ಎಂದು ಬೀಗರೂ ಕೈ ಮುಗಿದರು. "ಹಿರ್ಯಾರ ಮಾಸ್ತರ ಅದಾರ. ಅವರ್ನ ಕಳಸ್ರಿ."

"ನಂದ ವಯಸ್ಸಾತು. ಕಾಡಪ್ಪ ಗಟ್ಟಿ ಆಳ. ಗಂಡ ಹೆಂಡ್ತಿ ಹೋಗಲಿ," ಎಂದರು ಮಾಸ್ತರರು.

"ಬೀಗರ್ನ ಬಿಟ್ಟ ನಾ ಹೋದ್ರ ಮೇಲವಂಕ್ಯಾಗ ಮಾರಿ ಹ್ಯಾಂಗ ತೋರಸ್ಲಿ?" ಎಂದ ಕಾಡಪ್ಪ.

ಒಳಗೊಳಗೆ ನಾಲ್ವರಿಗೂ ಹೋಗಲೇಬೇಕಿತ್ತು. ಆದರೆ ನಮ್ಮಲ್ಲಿ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪುವುದು ಪದ್ಧತಿ. ನಾಲ್ಕು ಜನ ಏಕಕಾಲಕ್ಕೆ ಬೇಡವೆನ್ನತೊಡಗಿದರೆ ಯಾರದು ಎಷ್ಟನೆಯ ಸಲ ಎಂಬುದೇ ತಪ್ಪಿಹೋಗುತ್ತದೆ. ಬೀಗರು ಮೂರನೆಯ ಸಲ ಒಪ್ಪಲು ಬಾಯಿ ತೆರೆದಾಗ ಮಾಸ್ತರರು ನಡುವೆ ಬಂದು ಮೊದಲಿನಿಂದ ಶುರುಮಾಡಿಸಿದರು. ಕಾಡಪ್ಪ ಒಪ್ಪುವ ಅಂಚಿಗೆ ಬಂದಾಗ ನಾನೇ ಅವನ ಸಂಕೋಚವನ್ನು ಮೆಚ್ಚಿ ಮಾತಾಡಿ ಕೆಡಿಸಿದೆ. ಮೊಣಕಾಲುದ್ದದ ಹಿಮದಲ್ಲಿ ನಿಂತು ನಾಲ್ಕು ಗಂಡಸರು ಒಬ್ಬರಿಗೊಬ್ಬರು ಕೈ ಮುಗಿಯುತ್ತ ಬಾಗುತ್ತ ಅರ್ಧ ಗಂಟೆ ಕಳೆದೆವು. ಕೊನೆಗೂ ಬೀಗರು ಮತ್ತು ಮಾಸ್ತರರು ಹೋಗಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಈ ಸುದ್ದಿಯನ್ನು ಗಂಭೀರವಾಗಿ ತಿಳಿಸಲು ನಾನು ಬೀನಾಳ ಕಡೆ ತಿರುಗಿದೆ.

ಬೀನಾ ಇರಲಿಲ್ಲ. ಮಹಾದೇವಿಯೂ ಇರಲಿಲ್ಲ.

ಕಾವಲುಗಾರ ತನ್ನ ವಹಿಯನ್ನು ತಿರುಗಿಸಿ ತೋರಿಸಿದ. ಅವಳ ಹೆಸರಿನ ಮುಂದೆ ಸರಿ ಗುರುತು, ನನ್ನ ಹೆಸರಿನ ಮುಂದೆ ಗೈರುಹಾಜರಿಯ ಗುರುತು. ಗೈಡ್ ಹೋದ ಮೇಲೆ ಇವತ್ತಿಗೆ ಬಾಗಿಲು ಮುಗಿಯಿತು ಎಂದ.

"ನನಗೊಂದ ಮಾತ ಹೇಳಬಾರದಾಗಿತ್ತ?" ಎಂದು ನಾನು ಗಾಳಿಗೆ ಕೇಳಿದೆ.

ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಸುನಂದಾ ಉತ್ತರ ಕೊಟ್ಟಳು. "ಅಕ್ಕಾರು ಮೂರ ಸಲ ಕರದ್ರಿ ಭಾವಾ. ಬರ್ರಿ, ಹೊತ್ತಾತು ಅಂದ್ರು. ನೀವು 'ತಡಿ, ಬೀಗರ ಜೋಡಿ ಮಾತಾಡಾಕತ್ತೇನಿ' ಅಂದ್ರಿ. ಮೂರೂ ಸಲ ಅದನ್ನ ಅಂದ್ರಿ."

ಓಡಿ ಹೋಗಿ ಹಿಡಿಯುತ್ತೇನೆ ಎಂದು ಎರಡು ಹೆಜ್ಜೆ ಇಟ್ಟೆ. ಮೂರನೆಯದು ನನ್ನ ಕೈಯಲ್ಲಿರಲಿಲ್ಲ. ಜಾರಿ, ಕೂತ ಭಂಗಿಯಲ್ಲೇ ಬಾಗಿಲಿನ ತನಕ ವಾಪಸು ಬಂದೆ. ಬೀಗರು ಎತ್ತಿ ನಿಲ್ಲಿಸಿದರು, ಮಾಸ್ತರರು ಹಿಮ ಕೊಡವಿದರು.

ಹತ್ತು ಗಂಟೆಗೆ ಎಲ್ಲರಿಗೂ ಹಸಿವಾಯಿತು. ನಾನು ಹೆಂಗಸರ ಕಡೆ ನೋಡಿದೆ. ಬೀಗತಿ ಕಸ್ತೂರಿ ಶಾಲು ಹೊದ್ದು ಆರಾಮಾಗಿ ಕೂತಿದ್ದರು.

"ಕರದವ್ರ ನೀಡಬೇಕಲ್ರಿ, ಬೀಗರ," ಎಂದರು.

ನೀಡಿದೆ. ಎಲ್ಲರಿಗೂ ರೊಟ್ಟಿ ಕೊಟ್ಟು ಕೂತರೆ ಒಬ್ಬರಿಗೆ ಚಟ್ನಿ ಬೇಕು. ಚಟ್ನಿ ಕೊಟ್ಟು ಕೂತರೆ ಇನ್ನೊಬ್ಬರಿಗೆ ನೀರು. ನೀರು ತಂದರೆ ಅದು ತಣ್ಣಗಿದೆಯಂತೆ. ಹಿಮಾಲಯದಲ್ಲಿ! ಕಾಡಪ್ಪ ತಿಂದ ತಟ್ಟೆಯನ್ನು ನನ್ನ ಕಡೆ ನೋಡದೆಯೇ ಚಾಚಿದ. ನಾನು ಊಟ ಮಾಡುವ ಹೊತ್ತಿಗೆ ನನ್ನ ರೊಟ್ಟಿ ಮೆತ್ತಗಾಗಿತ್ತು, ಚಟ್ನಿ ಮುಗಿದಿತ್ತು, ನೀನು ಉಂಡೆಯಾ ಎಂದು ಯಾರೂ ಕೇಳಲಿಲ್ಲ. ನನಗೆ ಸಿಟ್ಟು ಬಂತು. ಆ ಸಿಟ್ಟು ಸ್ವಲ್ಪ ಹೊತ್ತಿನಲ್ಲಿ ನಾಚಿಕೆಯಾಯಿತು. ಇದೇ ತಟ್ಟೆಯನ್ನು ನಾನು ಇಷ್ಟು ವರ್ಷ ಯಾರ ಕಡೆ ನೋಡದೆ ಚಾಚುತ್ತಿದ್ದೆ ಎಂಬುದನ್ನು ತಿಳಿಯಲು ಅಷ್ಟು ದೂರ ಬರಬೇಕಾಯಿತು.

ಮಧ್ಯಾಹ್ನ ಮೂರಕ್ಕೆ ಮಹಾದೇವಿ ಇಳಿದು ಬಂದಳು. ಮೂಗು ಕೆಂಪಾಗಿತ್ತು, ಕೂದಲಲ್ಲಿ ಹಿಮ ಸಿಕ್ಕಿಕೊಂಡಿತ್ತು. ಎಲ್ಲರೂ ಮುತ್ತಿಕೊಂಡರು. ಅವಳು ನಿಧಾನವಾಗಿ ಹೇಳಿದಳು. ಹಿಮದಲ್ಲಿ ಯಾವುದೋ ಪ್ರಾಣಿಯ ಹೆಜ್ಜೆ, ಕೊರಳು ಮಿಂಚುವ ದೊಡ್ಡ ಹಕ್ಕಿ, ಹುಲ್ಲುಗಾವಲಿನ ಆಚೆ ಸಾಲು ಸಾಲು ಶಿಖರ.

"ಬೀನಾ ಸೇಬು ಹೆಚ್ಚಿ ಕೈಯಾಗ ಕೊಟ್ಟಳ್ರಿ," ಎಂದಳು. ಶಿಖರಕ್ಕಿಂತ ಆ ಸೇಬಿನ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡಿದಳು.

ಎಲ್ಲರೂ ಗಾಡಿಯ ಕಡೆ ಹೋದಾಗ ನಾನು ತಗ್ಗಿದ ದನಿಯಲ್ಲಿ ಕೇಳಿದೆ. "ನನ್ನ ಬಿಟ್ಟ ಹೋದೆಲ್ಲ?"

"ನಿಮ್ಮ ಜಾಗಾ ನೀವ ಬೀಗರಿಗೆ ಕೊಟ್ರಿ. ನಂದೂ ಕೊಟ್ರಿ. ನಂದಷ್ಟ ನಾ ವಾಪಸ್ ಇಸಗೊಂಡೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಜೋರು ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ.

ಅವಳ ಫೋನಿನಲ್ಲಿ ಒಂದೇ ಒಂದು ಫೋಟೋ ಇತ್ತು. ಮೇಲಿನ ಮೊದಲ ತಿರುವಿನಲ್ಲಿ ನಿಂತು ಕೆಳಗೆ ನೋಡಿ ತೆಗೆದದ್ದು. ಬಿಳಿಯ ಕಣಿವೆ, ತಳದಲ್ಲಿ ಪುಟ್ಟ ಬಾಗಿಲು, ಬಾಗಿಲ ಮುಂದೆ ನಾಲ್ಕು ಗಂಡಸರು ಒಬ್ಬರಿಗೊಬ್ಬರು ಕೈ ಮುಗಿಯುತ್ತಿದ್ದಾರೆ. ಅಷ್ಟು ದೂರದಿಂದಲೂ ನನ್ನ ಗುರುತು ಹತ್ತುತ್ತದೆ. ಎಲ್ಲರಿಗಿಂತ ಹೆಚ್ಚು ಬಾಗಿದವನು ನಾನು.

ಗಿರಿಜಾ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ತಾನೇ ಬಂದು ಅಂಗಡಿಯಲ್ಲಿ ನನ್ನ ತಲೆಯ ಮೇಲೆ ತೂಗುಹಾಕಿ ಹೋಗಿದ್ದಾಳೆ. ಬೀಜಕ್ಕೆ ಬಂದವರು ನೋಡಿ, ಯಾವ ದೇವರ ಗುಡಿ ಮುಂದೆ ನಿಂತೀರಿ ಎಂದು ಭಕ್ತಿಯಿಂದ ಕೇಳುತ್ತಾರೆ. ನಾನು ತಲೆ ತಗ್ಗಿಸಿ ಬೀಜ ತೂಗುತ್ತೇನೆ. ಮೊನ್ನೆ ಬೆಲ್ಲದ ಬಾಗೇವಾಡಿಯ ಒಬ್ಬ ಹಿರಿಯರು ಬಹಳ ಹೊತ್ತು ಹುಡುಕಿ ನೋಡಿದರು.

"ಮಾದೇವಕ್ಕ ಎಲ್ಲೂ ಕಾಣಂಗಿಲ್ಲಲ್ರಿ. ಅಷ್ಟ ದೂರ ಹೋಗೂ ಮುಂದ ಆಕಿನ ಬಿಟ್ಟ ಹೋಗಿದ್ರೇನು?"

"ಇಲ್ರಿ," ಎಂದೆ. "ಆಕೀನ ನಮ್ಮನ್ನ ಬಿಟ್ಟ ಗುಡ್ಡದ ಮ್ಯಾಲ ಹೋಗಿದ್ದಳು. ಫೋಟೋ ತಗದಾಕಿನ ಆಕಿ."